ಹದಿನೆಂಟನೇ ಮಹಡಿಯ ಯಮನಪ್ಪ

ಯಮನಪ್ಪ,

ನೀನು ಚಂದಾಪುರದ ನಮ್ಮ ರೂಮು ಬಿಟ್ಟು ನಾಲ್ಕು ವರ್ಷವಾಯಿತು. ನಿನ್ನ ಹಳೆಯ ನಂಬರು ಈಗ ಬೇರೆ ಯಾರದೋ ಆಗಿದೆ. ಆದರೂ ಇದನ್ನು ನಿನಗೇ ಹೇಳಬೇಕು.

ಇವತ್ತು ವೈಟ್‌ಫೀಲ್ಡಿನ ಆ ಗಾಜಿನ ಕಟ್ಟಡದ ಫೋಟೋ ತೆಗೆಯಲು ಮತ್ತೆ ಹೋಗಿದ್ದೆ. ನಿನ್ನಂತೆಯೇ ಒಬ್ಬ ಹಗ್ಗದಲ್ಲಿ ತೂಗುತ್ತ ಗಾಜು ಒರೆಸುತ್ತಿದ್ದ. ಬಸಲಿಂಗ ಅಂತ ಹೆಸರು. ಅವನು ಕೆಳಗಿಳಿದ ಮೇಲೆ ಅವನ ಫೋಟೋವನ್ನು ಕ್ಯಾಮೆರಾದಲ್ಲಿ ತೋರಿಸಿದೆ.

"ಅಷ್ಟು ಮ್ಯಾಲ ಇದ್ನೇನ್ರಿ ನಾ? ನಮ್ಮವ್ವಗ ತೋರಸಬ್ಯಾಡ್ರಿ, ಅಂಜತಾಳ" ಎಂದು ನಕ್ಕ.

ಅವನಿಗೆ ನಿನ್ನ ವಿಷಯ ಹೇಳಿದೆ. ಹದಿನೆಂಟನೇ ಮಹಡಿಯಲ್ಲಿ ಗಾಳಿ ಜೋರಾದಾಗ ನೀನು ಪಾದವನ್ನು ಮೆಲ್ಲಗೆ ಗಾಜಿಗೆ ಊರಿ, ತೂಗಾಟ ನಿಲ್ಲಿಸಿ, ಏನೂ ಆಗದವನಂತೆ ಒರೆಸುತ್ತಿದ್ದೆ. ಅಂಥ ಧೈರ್ಯವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ನೀನು ಹಾಗೆ ಒರೆಸುತ್ತಿದ್ದಾಗ ತೆಗೆದ ಫೋಟೋಗೆ ನಾನು ಏನು ಮಾಡಿದೆನೆಂದು ಮಾತ್ರ ಅವನಿಗೆ ಹೇಳಲಿಲ್ಲ. ಕಪ್ಪುಬಿಳುಪಿನಲ್ಲಿ ಕಟ್ಟಡದ ಗೆರೆಗಳಷ್ಟೇ ಕಾಣಲೆಂದು ಕಂಪ್ಯೂಟರಿನಲ್ಲಿ ನಿನ್ನನ್ನು ಅಳಿಸಿದ್ದೆ. ಇಸ್ತ್ರಿ ಅಂಗಿ ತೊಟ್ಟು ನನ್ನ ಫೋಟೋ ಪ್ರದರ್ಶನಕ್ಕೆ ಬಂದ ನೀನು ಅದರ ಮುಂದೆ ಬಹಳ ಹೊತ್ತು ನಿಂತು, "ಇದರಾಗ ನಾ ಎಲ್ಲದೀನೋ?" ಎಂದೆ. ನಾನು ಯಾರನ್ನೋ ಮಾತಾಡಿಸಲು ಆಚೆ ತಿರುಗಿಕೊಂಡೆ.

ಇವತ್ತು ಮನೆಗೆ ಬಂದು, ನೀನಿರುವ ಆ ಮೂಲ ಫೋಟೋ ತೆರೆದೆ. ಆಕಾಶವನ್ನು ಕಡುಕಪ್ಪು ಮಾಡಿದೆ, ಗಾಜಿಗೆ ಹೊಳಪು ತಂದೆ. ನೀನು ಅಕ್ಕಿಕಾಳಿನಷ್ಟು ಕಾಣುತ್ತೀಯ. ಆದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕಟ್ಟಡ ಎಷ್ಟು ಎತ್ತರವೆಂದು ನಿನ್ನನ್ನು ನೋಡಿದ ಮೇಲೆಯೇ ತಿಳಿಯುವುದು.

ಕೆಳಗೆ ನಿನ್ನ ಪೂರ್ತಿ ಹೆಸರು ಬರೆಯಲು ಹೊರಟೆ. ಎರಡು ವರ್ಷ ಒಂದೇ ರೂಮಿನಲ್ಲಿದ್ದರೂ ನಿನ್ನ ಅಡ್ಡಹೆಸರು ನನಗೆ ಗೊತ್ತಿರಲಿಲ್ಲ.

ಶಿವರಾಜ