ವರ್ನ್ ಒಯ್ದ ಬಂದೂಕು

ನವೆಂಬರ್ ೧೪, ಶನಿವಾರ

ಬಂದೂಕಿನ ಬೀರು ಖಾಲಿಯಾಗಿದೆ. ನನ್ನ ಹೆಂಡತಿ ಮಾರ್ಲಿಸ್ ತೀರಿಕೊಂಡ ಮೇಲೆ ಈ ಮನೆಯಲ್ಲಿ ಖಾಲಿಯಾಗದೆ ಉಳಿದಿದ್ದು ಅದೊಂದೇ.

ಸಂಜೆ ಪಕ್ಕದ ಮನೆಯ ವರ್ನ್ ಬಂದ. ಶನಿವಾರ ಬಂತೆಂದರೆ ನಾಲ್ಕು ಜನರನ್ನು ಸೇರಿಸಿ ಹುಲ್ಲುಗಾವಲಿನಲ್ಲಿ ಕವಾಯತು ಮಾಡಿಸುವ ಸ್ವಯಂಘೋಷಿತ ಕ್ಯಾಪ್ಟನ್. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿ ನನಗೆ ಶಿಸ್ತಿನ ನಾಗರಿಕ ಪಡೆ ಕಾಣುತ್ತದೆ, ಅವನಿಗೆ ಆಯುಧದ ಹಕ್ಕಷ್ಟೇ ಕಾಣುತ್ತದೆ. ಆ ತಿದ್ದುಪಡಿಯ ಒಂದೇ ವಾಕ್ಯವನ್ನು ಪಾಲು ಮಾಡಿಕೊಂಡು ಬದುಕಿದವರು ನಾವು.

"ಮೇಷ್ಟ್ರೇ, ಚಳಿಗಾಲ ಮುಗಿಯೋವರೆಗೂ ನಿಮ್ಮ ಬಂದೂಕು ನಮ್ಮನೇಲಿರ್ಲಿ."

"ಬಂದೂಕು ಕೇಳೋಕೆ ಬಂದೋರನ್ನ ಬಿಡಲ್ಲ ಅಂತಿದ್ದೋನು ನೀನೇ ಅಲ್ವೇನಯ್ಯ?"

"ಅದು ಸರ್ಕಾರಕ್ಕೆ. ನನ್ನ ತಮ್ಮ ತೀರ್ಕೊಂಡಾಗ ನನ್ನ ಬಂದೂಕುಗಳನ್ನೆಲ್ಲ ಹೊತ್ಕೊಂಡು ಹೋದೋರು ಯಾರು? ಸರ್ಕಾರವಾ?"

ನಾನೇ. ಸಾವಾದ ಮನೆಯಿಂದ ಬಂದೂಕು ಒಯ್ದು ಇಟ್ಟುಕೊಳ್ಳುವುದು ಮೊಂಟಾನಾದ ಈ ಕಣಿವೆಯ ವಾಡಿಕೆ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಅಂತೂ ನಿಮ್ಮ ಪಡೆ ಇವತ್ತು ಒಂದು ಶಿಸ್ತಿನ ಕೆಲಸ ಮಾಡ್ತು," ಅಂದೆ.

ಅವನು ನಗಲಿಲ್ಲ. "ಊಟ ಮಾಡಿದ್ರಾ?" ಅಂದ.

ಮಾಡಿದೆ ಎಂದು ಸುಳ್ಳು ಹೇಳಿ ಬಂದೂಕಿನ ಜೊತೆ ಬೀರುವಿನ ಕೀಲಿಯನ್ನೂ ಕೊಟ್ಟುಬಿಟ್ಟೆ.

ಗುರುವಾರ ಆ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಎಣ್ಣೆ ಹಚ್ಚುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಎಣ್ಣೆಯ ಡಬ್ಬಿ ಮಾತ್ರ ಗ್ಯಾರೇಜಿನಲ್ಲೇ ಇತ್ತು. ಇದನ್ನು ವರ್ನ್‌ಗೆ ಹೇಳಿಲ್ಲ. ಅವನೂ ಕೇಳಲಿಲ್ಲ.

ನಾಳೆ ಬೆಳಿಗ್ಗೆ ಅವರ ಮನೆಗೆ ಪ್ಯಾನ್‌ಕೇಕ್ ತಿನ್ನಲು ಬರಬೇಕಂತೆ. ಬರುತ್ತೇನೆ ಎಂದೆ. ಹಾಗೆಂದ ಮೇಲೆ ಹೋಗಲೇಬೇಕು, ಇನ್ನೇನು.