ಅಳಿಯಂದಿರ ಅಂಗಳದಲ್ಲಿ ಮೆಂತೆ

ಹರಿಹರ, ಮಾರ್ಚ್ 1961

ಓಬಕ್ಕ, ನಿನ್ನ ತಂಗಿ ಮೈಲಮ್ಮ ಮಗಳ ಕೈಯಲ್ಲಿ ಬರೆಸಿದ್ದು. ಇಲ್ಲಿ ಬೇವು ಹೂಬಿಟ್ಟಿದೆ, ನನ್ನ ಮಂಡಿನೋವು ಇಳಿದಿದೆ.

ಮಗಳ ಮನೆಗೆ ಬಂದ ಮರುದಿನವೇ ಒಂದು ತಪ್ಪು ಮಾಡಿದೆ. ಸುಮ್ಮನೆ ಕೂರಲಾರದೆ ಅಂಗಳದ ಕಳೆಯನ್ನೆಲ್ಲ ಕಿತ್ತು ಮೆಂತೆ ಚೆಲ್ಲಿದೆ. ಅದು ಕಳೆಯಲ್ಲ, ಅಳಿಯಂದಿರು ಬೆಂಗಳೂರಿನಿಂದ ಬೀಜ ತರಿಸಿ ಬೆಳೆಸಿದ ಹೂವಿನ ಸಸಿಗಳಂತೆ! ಮೂರು ವಾರ ಅವರು ನನಗೆ ಮುಖ ಕೊಟ್ಟು ಮಾತಾಡಲಿಲ್ಲ.

ನಿನ್ನೆ ಆ ಎಳೆ ಮೆಂತೆಯನ್ನೇ ಕಿತ್ತು, ಬಿಸಿ ಜೋಳದ ರೊಟ್ಟಿ, ಗುರೆಳ್ಳು ಪುಡಿಯ ಜೊತೆ ಹಸಿಯಾಗಿ ಬಡಿಸಿದೆ. ನಾಲ್ಕು ರೊಟ್ಟಿ ಉಂಡರು. ಇವತ್ತು ಬೆಳಿಗ್ಗೆ ನೋಡಿದರೆ ತಾವೇ ಕಳೆ ಕೀಳುವ ಕುರ್ಪಿ ಹಿಡಿದು, ಉಳಿದ ಒಂದೇ ಗುಲಾಬಿಯ ಮುಂದೆ ಕೂತಿದ್ದಾರೆ.

“ಅತ್ತೇರೆ, ಇದೊಂದ್ ಯಾಕ ಬಿಟ್ಟೀರಿ? ಕಿತ್ತು ಹೀರೆ ಹಾಕೋಣ್ರಿ.”

ನಾನು ಕೀಳಗೊಡಲಿಲ್ಲ. ಹೀರೆಬೀಜ ಬೇಗ ಕಳಿಸು. ಬಳ್ಳಿ ಹಬ್ಬುವುದಕ್ಕೆ ಆ ಗುಲಾಬಿ ಇರಲಿ.