ಭೂಕಂಪ ತೂಗುವ ಕೋಣೆ

ಅಕ್ಕಾ, ಕಾಲಿಗೆರಗಿದ್ದೇನೆ, ಕೂತು ಓದು.

ನಮ್ಮ ತಕ್ಕಡಿ ಅಂಗಡಿಯ ತೂಕದ ಬಟ್ಟುಗಳಿಗೆ ಸರ್ಕಾರಿ ಮುದ್ರೆ ಹಾಕಿಸಲು ಬಂದೆನಲ್ಲ, ಆ ಕಚೇರಿಯ ಪಕ್ಕದಲ್ಲೇ ಭೂಕಂಪ ಅಳೆಯುವ ಕೋಣೆಯಿದೆ. ಸಾಲು ಉದ್ದವಿತ್ತು, ಹೋಗಿ ಇಣುಕಿದೆ. ಸಮುದ್ರದಾಚೆ ನೆಲ ನಡುಗಿದರೆ ಅದರ ಅಲೆ ಭೂಮಿಯ ಹೊಟ್ಟೆಯೊಳಗಿಂದ ಹಾದು ಬಂದು ಇಲ್ಲಿ ಕಾಗದದ ಮೇಲೆ ಗೆರೆ ಕುಣಿಸುತ್ತದೆ. ಅಲ್ಲಿನ ಮೇಡಂ ಮೊದಲು ಬಂದ ಕುಣಿತದ ಎತ್ತರ ಅಳೆದು, ಒಂದು ಕುಣಿತಕ್ಕೆ ಎಷ್ಟು ಸೆಕೆಂಡು ಎಂದು ನೋಡಿ, ದೂರಕ್ಕೆ ತಕ್ಕಷ್ಟು ಸೇರಿಸಿ, ಭೂಕಂಪದ ಬಲ "ಐದೂವರೆ" ಎಂದರು. ಇನ್ನೊಂದು ದೇಶದ ಕೋಣೆಯಿಂದಲೂ ಐದೂವರೆ ಎಂದೇ ಸುದ್ದಿ ಬಂತು. ಎರಡು ತಕ್ಕಡಿ ಒಂದೇ ತೂಕ ಹೇಳಿದ್ದನ್ನು ಮೂವತ್ತು ವರ್ಷದ ಕಸುಬಿನಲ್ಲಿ ಈಗಲೇ ಕಂಡೆ!

ನಮ್ಮೂರು ನಡುಗಿದ್ದಕ್ಕೆ ರೇಡಿಯೋ ಸಣ್ಣ ಅಂಕಿ ಹೇಳಿತೆಂದು ನೀನು ಬಿರುಕುಬಿಟ್ಟ ಕೋಣೆಗೇ ಮತ್ತೆ ಹಾಸಿಗೆ ಸಾಗಿಸಿದ್ದೀಯಲ್ಲ, ಅದು ಸರಿಯೇ ಎಂದೂ ಕೇಳಿದೆ. ಮೇಡಂ ನಕ್ಕು, "ಅಲ್ಲ ಸ್ವಾಮಿ, ನಾನು ತೂಗೋದು ಭೂಕಂಪಾನ. ನಿಮ್ಮಕ್ಕನ ಗೋಡೆ ನಾನೆಲ್ಲಿ ತೂಗ್ಲಿ? ಮೇಸ್ತ್ರಿನ ಕರೆಸಿ" ಎಂದರು.

ನೀನು ಕೇಳುತ್ತಿದ್ದ ನನ್ನ ಕೆಮ್ಮು ಹೋಯಿತು. ಕಾರ್ಡಿನಲ್ಲಿ ಜಾಗವೂ ಮುಗಿಯಿತು. ಮೊದಲು ಹಾಸಿಗೆ ಹೊರಗೆಳೆ, ನನ್ನನ್ನು ಆಮೇಲೆ ಬೈಯುವೆಯಂತೆ.

ನಿನ್ನ ತಮ್ಮ